ಕಾಯಿಲ್ ಸ್ಪ್ರಿಂಗ್ ಮತ್ತೆ ಕೂರಿಸಿದ ಮೇಲೆ ಹಳೆಯ ಕಾರು ವಾಲಿದರೆ, ಸದ್ದು ಮಾಡಿದರೆ: ದೋಷ ಹುಡುಕುವ ಹಾಗೂ ಸುರಕ್ಷಿತವಾಗಿ ಮರುಜೋಡಿಸುವ ಕ್ರಮ

ಹಳೆಯ ಕಾರಿನ ಮುಂಭಾಗದ ಸಸ್ಪೆನ್ಷನ್ ಬಿಚ್ಚಿ, ಬುಷ್ (ಕೀಲಿನೊಳಗಿನ ರಬ್ಬರ್ ಒಳಪದರ) ಅಥವಾ ಬಾಲ್ ಜಾಯಿಂಟ್ (ಗುಂಡು ಕೀಲು) ಬದಲಿಸಿ, ಅದೇ ಸ್ಪ್ರಿಂಗ್‌ಗಳನ್ನು ಮತ್ತೆ ಕೂರಿಸಿದ ಮೇಲೆ ಸಾಮಾನ್ಯವಾಗಿ ನಾಲ್ಕು ದೂರುಗಳು ಬರುತ್ತವೆ. ಗಾಡಿ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತದೆ; ಇಲ್ಲವೇ ಮೂತಿ ಮೊದಲಿಗಿಂತ ಎತ್ತರವಾಗಿ ಕಾಣುತ್ತದೆ; ಹಂಪ್ ದಾಟುವಾಗ ಅಥವಾ ಸ್ಟೇರಿಂಗ್ ತಿರುಗಿಸುವಾಗ ಸದ್ದು ಬರುತ್ತದೆ; ನೇರ ರಸ್ತೆಯಲ್ಲಿ ಗಾಡಿ ಎಡಕ್ಕೋ ಬಲಕ್ಕೋ ಎಳೆಯುತ್ತದೆ. ಇಂಥ ದೂರು ಬಂದ ಕೂಡಲೇ ಸ್ಪ್ರಿಂಗ್ ಸತ್ತಿದೆ ಎಂದು ತೀರ್ಮಾನಿಸಿ ಹೊಸ ಜೋಡಿಗೆ ಹುಡುಕಾಟ ಶುರುಮಾಡುವುದು ವಾಡಿಕೆ. ಆದರೆ ಬಿಚ್ಚುವ ಮೊದಲು ನೆಟ್ಟಗಿದ್ದ ಗಾಡಿ ಕೂರಿಸಿದ ಮರುದಿನವೇ ವಾಲಿತು ಎಂದಾದರೆ, ಉಕ್ಕು ಒಂದೇ ರಾತ್ರಿಯಲ್ಲಿ ದಣಿದಿರಲು ಸಾಧ್ಯವಿಲ್ಲ. ದೋಷವಿರುವುದು ಸ್ಪ್ರಿಂಗ್ ಕೂತಿರುವ ರೀತಿಯಲ್ಲಿ, ಅದರ ಕೆಳಗಿನ ರಬ್ಬರ್ ಪ್ಯಾಡ್‌ನಲ್ಲಿ, ಅಥವಾ ಬುಷ್ ಬೋಲ್ಟುಗಳನ್ನು ಬಿಗಿ ಮಾಡಿದ ಹೊತ್ತಿನಲ್ಲಿ. ಇದನ್ನು ಬಹುಮಟ್ಟಿಗೆ ಸ್ಪ್ರಿಂಗ್ ಮತ್ತೆ ಬಿಚ್ಚದೆಯೇ ಕಂಡುಹಿಡಿಯಬಹುದು, ಹಾಗೆ ಕಂಡುಹಿಡಿಯಲೇಬೇಕು ಎಂಬುದು ಈ ಬರಹದ ಒತ್ತಾಯ. ಏಕೆಂದರೆ ಸ್ಪ್ರಿಂಗ್ ಒತ್ತುವ ಪ್ರತಿಯೊಂದು ಸಲವೂ ಕೆಲಸ ಮಾಡುವವನ ಕೈ, ಮುಖ, ಪ್ರಾಣಗಳು ಪಣಕ್ಕೆ ಬೀಳುತ್ತವೆ.

ತುಮಕೂರಿನ ಶೆಡ್‌ಗಳಿಗೆ ಇಂಥ ಗಾಡಿಗಳು ಬರುವುದಕ್ಕೆ ಒಂದು ಕಾರಣ ನೋಂದಣಿಯ ನವೀಕರಣ. ಖಾಸಗಿ ಕಾರಿನ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಬೇಕಾಗುತ್ತದೆ. ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ, ಹಳೆಯ ಮಾರುತಿ 800 ಇಟ್ಟುಕೊಂಡವರು ಆ ತಪಾಸಣೆ ಹತ್ತಿರ ಬಂದಾಗ ಮುಂಭಾಗವನ್ನು ಬಿಚ್ಚಿಸುತ್ತಾರೆ, ಅವಸರದಲ್ಲಿ ಜೋಡಿಸಿಕೊಂಡು ಹೋಗುತ್ತಾರೆ. ಅವಸರವೇ ಇಲ್ಲಿ ಮುಖ್ಯ ಶತ್ರು.

ಮೊದಲು ಗಾಡಿಯ ಜಾತಿ ತಿಳಿಯಬೇಕು

ಪದ್ಮಿನಿ ಮತ್ತು ಕಾಂಟೆಸ್ಸಾಗಳಲ್ಲಿ ಮುಂದಿನ ಪ್ರತಿ ಚಕ್ರಕ್ಕೆ ಅದನ್ನು ಚಾಸಿಗೆ ಸೇರಿಸುವ ಆರ್ಮ್ ಮೇಲೊಂದು ಕೆಳಗೊಂದು ಇದ್ದು, ಕಾಯಿಲ್ ಸ್ಪ್ರಿಂಗ್ ಗಾಡಿಯ ಭಾರವನ್ನು ಹೊತ್ತುಕೊಂಡು ಅವುಗಳ ಜೊತೆ ಕೆಲಸ ಮಾಡುತ್ತದೆ. ಡಬಲ್ ವಿಶ್‌ಬೋನ್ ಎಂದು ಕರೆಯುವುದು ಇದನ್ನೇ. 1983ರ ಡಿಸೆಂಬರ್‌ನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800ರಲ್ಲಿ ಮೇಲಿನ ಆರ್ಮ್ ಇಲ್ಲ. ಶಾಕ್ ಅಬ್ಸಾರ್ಬರ್‌ನ ಕೊಳವೆಯೇ ಕಂಬವಾಗಿ ನಿಂತು ಸ್ಪ್ರಿಂಗ್ ಅದರ ಸುತ್ತ ಕೂತಿರುತ್ತದೆ. ಇದನ್ನು ಮೆಕ್‌ಫರ್ಸನ್ ಸ್ಟ್ರಟ್ ಎನ್ನುತ್ತಾರೆ. ಹಳೆಯ ಅಂಬಾಸಿಡರ್‌ಗಳ ಮುಂಭಾಗದಲ್ಲಿ ಕಾಯಿಲ್ ಇಲ್ಲವೇ ಇಲ್ಲ, ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಸರಳು, ಅಂದರೆ ಟಾರ್ಷನ್ ಬಾರ್ ಇದೆ. ಆದ್ದರಿಂದ ಈ ಬರಹ ಅವುಗಳಿಗೆ ಅನ್ವಯಿಸುವುದಿಲ್ಲ.

ಈ ಎರಡು ಜಾತಿಗಳ ನಡುವಿನ ವ್ಯತ್ಯಾಸ ದೋಷ ಹುಡುಕುವಾಗ ಬಹಳ ನೆರವಾಗುತ್ತದೆ. ಡಬಲ್ ವಿಶ್‌ಬೋನ್ ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ತಿರುಗುವುದಿಲ್ಲ; ಸ್ಟ್ರಟ್ ಗಾಡಿಯಲ್ಲಿ ತಿರುಗುತ್ತದೆ. ಹಾಗಾಗಿ ನಿಂತ ಜಾಗದಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಬರುವ ಸದ್ದಿಗೆ ಪದ್ಮಿನಿಯಲ್ಲಿ ಸ್ಪ್ರಿಂಗ್ ಅನ್ನು ದೂಷಿಸುವಂತಿಲ್ಲ, ಮಾರುತಿಯಲ್ಲಿ ದೂಷಿಸಬಹುದು.

ಒತ್ತಿದ ಸ್ಪ್ರಿಂಗ್‌ನಲ್ಲಿ ಎಷ್ಟು ಬಲ ಅಡಗಿದೆ

ಒಂದು ಲೆಕ್ಕ ಹಾಕಿ ನೋಡೋಣ. ಸ್ಪ್ರಿಂಗ್ ಆರ್ಮಿನ ಮಧ್ಯಭಾಗದಲ್ಲಿ ಕೂತಿದ್ದರೆ, ಚಕ್ರದ ಮೇಲೆ ಬೀಳುವ ಭಾರದ ಸುಮಾರು ಎರಡರಷ್ಟನ್ನು ಅದು ಹೊರಬೇಕಾಗುತ್ತದೆ. ಚಕ್ರಕ್ಕೆ 250 ಕೆ.ಜಿ. ಬಿದ್ದರೆ ಸ್ಪ್ರಿಂಗ್‌ಗೆ ಹತ್ತಿರ ಹತ್ತಿರ 500 ಕೆ.ಜಿ. ಅದರ ಬಿಡಿ ಉದ್ದದಿಂದ 10 ಸೆಂ.ಮೀ. ಒತ್ತಿದಾಗ ಆ ಭಾರಕ್ಕೆ ಮುಟ್ಟುತ್ತದೆ ಎಂದಿಟ್ಟುಕೊಂಡರೆ, ಒಳಗೆ ಕೂಡಿಟ್ಟ ಶಕ್ತಿ ಸುಮಾರು 250 ಜೂಲ್. ಅರ್ಧ ಮೂಟೆ ಸಿಮೆಂಟನ್ನು ಎದೆಯೆತ್ತರಕ್ಕಿಂತ ತುಸು ಕೆಳಗಿನಿಂದ, ಅಂದರೆ ಒಂದು ಮೀಟರ್‌ನಿಂದ, ಕಾಲ ಮೇಲೆ ಬಿಟ್ಟಂತೆ ಇದು. ಆದರೆ ಸಿಮೆಂಟು ಕೆಳಕ್ಕೆ ಮಾತ್ರ ಬೀಳುತ್ತದೆ, 3 ಕೆ.ಜಿ. ತೂಕದ ಸ್ಪ್ರಿಂಗ್‌ಗೆ ಆ ಶಕ್ತಿಯೆಲ್ಲ ಸಿಕ್ಕಿದರೆ ಅದು ಗಂಟೆಗೆ 45 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ತನಗೆ ದಾರಿ ಕಂಡ ಕಡೆಗೆ ಹಾರುತ್ತದೆ. ಅದು ಹಾರುವಾಗ ತಪ್ಪಿಸಿಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ.

ಇದೇ ಲೆಕ್ಕದಿಂದ ದೋಷ ಹುಡುಕಲು ಬೇಕಾದ ಇನ್ನೊಂದು ಮಾತೂ ಹೊರಡುತ್ತದೆ. ಆರ್ಮಿನ ಮಧ್ಯದಲ್ಲಿ ಕೂತ ಸ್ಪ್ರಿಂಗ್‌ನ ತಳದಲ್ಲಿ 5 ಮಿ.ಮೀ. ವ್ಯತ್ಯಾಸವಾದರೆ ಚಕ್ರದ ಬಳಿ ಗಾಡಿಯ ಎತ್ತರದಲ್ಲಿ ಸುಮಾರು 10 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಒಂದು ರಬ್ಬರ್ ಪ್ಯಾಡ್ ಮರೆತರೂ, ಒಂದೇ ಕಡೆ ಎರಡು ಹಾಕಿದರೂ, ಹೊರಗೆ ನಿಂತು ನೋಡುವವರಿಗೆ ಗಾಡಿ ವಾಲಿದಂತೆ ಕಾಣುವುದು ಇದಕ್ಕೇ. ಸ್ಟ್ರಟ್ ಗಾಡಿಯಲ್ಲಿ ಸ್ಪ್ರಿಂಗ್ ಚಕ್ರದ ಪಕ್ಕದಲ್ಲೇ ಇರುವುದರಿಂದ ವ್ಯತ್ಯಾಸ ಹೆಚ್ಚುಕಡಿಮೆ ಇದ್ದಷ್ಟೇ ಕಾಣುತ್ತದೆ.

ನೆಲದ ಮೇಲೆ ನಿಲ್ಲಿಸಿಯೇ ಮಾಡುವ ಪರೀಕ್ಷೆಗಳು

ಅಳತೆಗೆ ಮೊದಲು ನೆಲ ಮಟ್ಟವಾಗಿರಬೇಕು. ಶೆಡ್ಡಿನ ನೆಲವನ್ನು ಕಣ್ಣಳತೆಯಲ್ಲಿ ನಂಬಬಾರದು. ಗಾರೆ ಕೆಲಸದವರ ಹತ್ತಿರ ಇರುವ ನೀರಿನ ಲೆವೆಲ್ ಟ್ಯೂಬ್ ತಂದು ನಾಲ್ಕು ಚಕ್ರ ನಿಲ್ಲುವ ಜಾಗಗಳ ಮಟ್ಟ ನೋಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಎಡ ಬಲ ಟೈರ್‌ಗಳ ಅಳತೆ ಒಂದೇ ಇರಬೇಕು, ಗಾಳಿ ಒಂದೇ ಇರಬೇಕು, ಡಿಕ್ಕಿಯಲ್ಲಿ ಸಾಮಾನು ಇರಬಾರದು. ಜಾಕ್‌ನಿಂದ ಇಳಿಸಿದ ಕೂಡಲೇ ಅಳೆಯಬಾರದು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಚಕ್ರಗಳು ಕೆಳಗಿಳಿಯುವಾಗ ಒಳಕ್ಕೆ ಸರಿದಿರುತ್ತವೆ. ಟೈರು ನೆಲವನ್ನು ಕಚ್ಚಿ ಹಿಡಿದು ಮೂತಿಯನ್ನು ಎತ್ತರದಲ್ಲೇ ನಿಲ್ಲಿಸಿಬಿಡುತ್ತದೆ. ಗಾಡಿಯನ್ನು ಕೆಲವು ಮೀಟರ್ ಮುಂದಕ್ಕೂ ಹಿಂದಕ್ಕೂ ಉರುಳಿಸಿ, ಮುಂಭಾಗವನ್ನು ಎರಡು ಮೂರು ಸಲ ಅದುಮಿ ಬಿಟ್ಟ ಮೇಲೆ ಬರುವ ಅಳತೆಯೇ ನಿಜವಾದದ್ದು. ಮೂತಿ ಎತ್ತರವಾಗಿದೆ ಎಂಬ ಎಷ್ಟೋ ದೂರುಗಳು ಇಷ್ಟರಲ್ಲೇ ಪರಿಹಾರವಾಗುತ್ತವೆ.

ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗೆ ಎರಡೂ ಕಡೆ ಅಳೆಯುವುದು ರೂಢಿ. ಈ ಅಳತೆಯಲ್ಲಿ ಟೈರ್ ಸವೆತದ ವ್ಯತ್ಯಾಸ ಸೇರುವುದಿಲ್ಲ ಎಂಬುದು ಒಳ್ಳೆಯದೇ. ಆದರೆ ಮೂವತ್ತು ವರ್ಷದ ಗಾಡಿಯ ಮಡ್‌ಗಾರ್ಡ್ ಎಷ್ಟು ಸಲ ಟಿಂಕರಿಂಗ್ ಕಂಡಿದೆಯೋ ಯಾರಿಗೂ ತಿಳಿದಿರುವುದಿಲ್ಲ. ಆದ್ದರಿಂದ ಕೆಳಗಿನ ಆರ್ಮ್‌ನ ಒಳತುದಿಯ ಬೋಲ್ಟಿನಿಂದ ನೆಲದವರೆಗೆ ಇನ್ನೊಂದು ಅಳತೆ ತೆಗೆಯಬೇಕು. ಮಡ್‌ಗಾರ್ಡ್ ಅಳತೆ ವ್ಯತ್ಯಾಸ ತೋರಿಸಿ ಬೋಲ್ಟಿನ ಅಳತೆ ಸಮವಾಗಿದ್ದರೆ ದೋಷ ತಗಡಿನಲ್ಲಿದೆ, ಸಸ್ಪೆನ್ಷನ್‌ನಲ್ಲಿಲ್ಲ. ಹಳೆಯ ಗಾಡಿಯಲ್ಲಿ ಎಡ ಬಲಗಳ ನಡುವೆ 10 ಮಿ.ಮೀ. ಒಳಗಿನ ವ್ಯತ್ಯಾಸವಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಅದನ್ನು ಕೆದಕದೆ ಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ, ವಾಲಿಕೆ ಮುಂದಿನದೋ ಹಿಂದಿನದೋ ಎಂದು ಬೇರ್ಪಡಿಸಬೇಕು. ಪದ್ಮಿನಿಯಂಥ ಗಾಡಿಯಲ್ಲಿ ಹಿಂದೆ ಪಟ್ಟೆ ಸ್ಪ್ರಿಂಗ್ ಇದ್ದು, ಅದರ ಒಂದು ಎಲೆ ಮುರಿದಿದ್ದರೂ ಮುಂಭಾಗ ವಾಲಿದಂತೆ ಕಾಣುತ್ತದೆ. ಟ್ರಾಲಿ ಜಾಕ್ ಅನ್ನು ಮುಂದಿನ ಕ್ರಾಸ್ ಮೆಂಬರ್‌ನ (ಚಾಸಿಯ ಅಡ್ಡ ತೊಲೆಯ) ಸರಿಯಾಗಿ ನಡುವಿಗೆ ಕೊಟ್ಟು, ಮುಂದಿನ ಚಕ್ರಗಳೆರಡೂ ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಈಗ ಮುಂಭಾಗ ಒಂದೇ ಬಿಂದುವಿನ ಮೇಲಿದೆ. ಗಾಡಿ ಹೇಗೆ ನಿಲ್ಲಬೇಕು ಎಂಬುದನ್ನು ಹಿಂದಿನ ಸ್ಪ್ರಿಂಗ್‌ಗಳು ತೀರ್ಮಾನಿಸುತ್ತವೆ. ಗಾಡಿ ನೆಟ್ಟಗಾದರೆ ದೋಷ ಮುಂದೆಯೇ ಇದೆ. ವಾಲಿಕೆ ಹಾಗೆಯೇ ಉಳಿದರೆ ಮುಂದಿನ ಸ್ಪ್ರಿಂಗ್ ಮುಟ್ಟದೆ ಹಿಂದಿನ ಪಟ್ಟೆಗಳನ್ನು ನೋಡಬೇಕು. ಈ ಪರೀಕ್ಷೆಯಲ್ಲಿ ಗಾಡಿ ಒಂಟಿ ಬಿಂದುವಿನ ಮೇಲೆ ತೂಗುತ್ತಿರುವುದರಿಂದ ಕೈಯನ್ನಾಗಲಿ ತಲೆಯನ್ನಾಗಲಿ ಕೆಳಗೆ ಒಯ್ಯಬಾರದು. ದೂರ ನಿಂತು ನೋಡಿ, ಕೂಡಲೇ ಇಳಿಸಿಬಿಡಬೇಕು.

ಇನ್ನೊಂದು ತಪ್ಪು ನಂಬಿಕೆಯನ್ನು ಇಲ್ಲೇ ಬಿಡಿಸುವುದು ಅಗತ್ಯ. ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುವುದಿಲ್ಲ. ಅದು ಕುಣಿತವನ್ನು ನಿಲ್ಲಿಸುತ್ತದೆ ಅಷ್ಟೇ. ವಾಲಿಕೆಗೆಂದು ಶಾಕ್ ಅಬ್ಸಾರ್ಬರ್ ಬದಲಿಸಿದರೆ ಹಣ ಹೋಗುತ್ತದೆ, ವಾಲಿಕೆ ಉಳಿಯುತ್ತದೆ. ಮೂಲೆಯನ್ನು ಅದುಮಿ ಬಿಟ್ಟಾಗ ಗಾಡಿ ಒಮ್ಮೆ ಮೇಲೆದ್ದು ನಿಲ್ಲದೆ ಕುಣಿಯುತ್ತಲೇ ಇದ್ದರೆ ಮಾತ್ರ ಅದು ಶಾಕ್ ಅಬ್ಸಾರ್ಬರ್‌ನ ದೋಷ. ಸ್ಪ್ರಿಂಗ್‌ನ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್‌ಗಳೂ ಇದೇ ಸಾಲಿಗೆ ಸೇರುತ್ತವೆ. ಅವು ವಾಲಿಕೆಯನ್ನು ಮುಚ್ಚುತ್ತವೆಯೇ ಹೊರತು ಕಾರಣವನ್ನು ತೆಗೆಯುವುದಿಲ್ಲ. ಒಂದೇ ಕಡೆ ಬಫರ್ ಇದ್ದರೆ ಅದನ್ನು ತೆಗೆದ ಮೇಲೆಯೇ ಅಳೆಯಬೇಕು.

ಸದ್ದು ಎಲ್ಲಿಂದ

ಸದ್ದಿನ ವಿಷಯದಲ್ಲಿ ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಎಲ್ಲಿಂದ ಬರುತ್ತದೆ ಎಂಬುದು ತಾನಾಗಿ ಸಿಗುತ್ತದೆ. ಸ್ಟ್ರಟ್ ಗಾಡಿಯಲ್ಲಿ ನಿಂತ ಜಾಗದಲ್ಲಿ ಸ್ಟೇರಿಂಗ್ ಅನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸುವಾಗ, ಸ್ವಲ್ಪ ಹೊತ್ತು ಬಿಗಿಯಾಗಿ ಆಮೇಲೆ ‘ಟಣ್’ ಎಂದು ಬಿಟ್ಟುಕೊಂಡರೆ, ಮೇಲಿನ ಬೇರಿಂಗ್ ಹಿಡಿದುಕೊಂಡು ಸ್ಪ್ರಿಂಗ್ ತಿರುಚಿಕೊಳ್ಳುತ್ತಿದೆ, ಇಲ್ಲವೇ ಸ್ಪ್ರಿಂಗ್‌ನ ತುದಿ, ಅದು ಕೂರುವ ತಟ್ಟೆಯಲ್ಲಿ ತುದಿ ತಾಗಿ ನಿಲ್ಲಲೆಂದು ಇರುವ ಮೆಟ್ಟಿಲಿಗೆ ಕೂರದೆ ಹಾರುತ್ತಿದೆ. ಇಂಜಿನ್ ನಿಲ್ಲಿಸಿ, ಒಬ್ಬರು ಸ್ಟೇರಿಂಗ್ ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗ್‌ನ ಹೊರಮೈಗೆ ಬೆರಳ ತುದಿ ತಾಕಿಸಿದರೆ ಆ ನೆಗೆತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸುತ್ತುಗಳ ನಡುವೆ ಬೆರಳು ಹಾಕುವಂತಿಲ್ಲ.

ಹಂಪ್ ಇಳಿಯುವಾಗ ಬರುವ ಒಂದೇ ಗಟ್ಟಿ ‘ಟಕ್’ ಸದ್ದಿಗೆ ಹೆಚ್ಚಾಗಿ ಶಾಕ್ ಅಬ್ಸಾರ್ಬರ್‌ನ ಸಡಿಲ ನಟ್ಟು ಅಥವಾ ಬಿದ್ದುಹೋದ ಬಂಪ್ ಸ್ಟಾಪ್ (ಆರ್ಮ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ಕಾರಣ. ಬ್ರೇಕ್ ಒತ್ತಿದಾಗ ಮಾತ್ರ ಬರುವ ಸದ್ದು ಆರ್ಮ್ ಹಿಂದೆ ಮುಂದೆ ಸರಿಯುತ್ತಿರುವುದರ ಗುರುತು; ಮಾರುತಿ 800ರಲ್ಲಿ ಮುಂದಿನ ಸ್ಟೆಬಿಲೈಜರ್ ಬಾರ್‌ನ ಬುಷ್‌ಗಳನ್ನು ಮೊದಲು ನೋಡಬೇಕು, ಏಕೆಂದರೆ ಆರ್ಮನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯುವುದೂ ಆ ಬಾರ್‌ನ ಕೆಲಸವೇ. ಕಿರ್ರೆನ್ನುವ ಸದ್ದಾದರೆ ಒಂದೊಂದೇ ಬುಷ್‌ಗೆ ನೀರು ಚಿಮುಕಿಸಿ ಅದುಮಿ ನೋಡಬೇಕು. ಯಾವ ಬುಷ್‌ಗೆ ನೀರು ಬಿದ್ದಾಗ ಸದ್ದು ನಿಲ್ಲುತ್ತದೋ ಅದೇ ಒಣಗಿರುವುದು. ಅದಕ್ಕೆ ಇಂಜಿನ್ ಆಯಿಲ್ ಅಥವಾ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಟಾರ್ಚ್ ಹಿಡಿದು ನೋಡಬೇಕಾದ ಜಾಗ

ತುಮಕೂರಿನ ಶಿರಾ ಗೇಟ್ ಕಡೆಯ ಒಂದು ಶೆಡ್ಡಿಗೆ ಬಂದಿದ್ದ, ಎರಡು ಆರ್ಮಿನ ಒಂದು ಹಳೆಯ ಕಾರಿನ ಉದಾಹರಣೆ ಇಲ್ಲಿ ಉಪಯುಕ್ತ. ಬುಷ್ ಬದಲಿಸಿದ ಮೇಲೆ ಗಾಡಿ ಬಲಕ್ಕೆ ವಾಲಿತ್ತು. ಬಲಗಡೆ ಸ್ಪ್ರಿಂಗ್ ಕುಸಿದಿದೆ, ಬೇರೆ ಹಾಕಿಸಿ ಎಂದು ಮಾಲೀಕರಿಗೆ ಹೇಳಿ ಕಳಿಸಲಾಗಿತ್ತು. ಅಳೆದಾಗ ಎಡಗಡೆ 18 ಮಿ.ಮೀ. ಹೆಚ್ಚು ಎತ್ತರವಿತ್ತು; ಮೂತಿಯನ್ನು ನಡುವಿನಲ್ಲಿ ಎತ್ತಿದಾಗ ಗಾಡಿ ನೆಟ್ಟಗಾಯಿತು. ಅಂದರೆ ದೋಷ ಮುಂದೆಯೇ ಇದೆ. ಆದರೆ ಬಲಭಾಗ ಕುಸಿದಿದೆಯೋ ಎಡಭಾಗ ಎದ್ದಿದೆಯೋ ಎಂಬುದು ಅಳತೆಯೊಂದರಿಂದಲೇ ತಿಳಿಯುವುದಿಲ್ಲ. ಕೆಳಗಿನ ಆರ್ಮ್‌ನ ತಟ್ಟೆಯೊಳಕ್ಕೆ ಟಾರ್ಚ್ ಬಿಟ್ಟು ನೋಡಿದಾಗ ವಿಷಯ ಬಯಲಾಯಿತು. ಬಲಗಡೆ ಸ್ಪ್ರಿಂಗ್‌ನ ಕಡಿದ ತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿತ್ತು. ಎಡಗಡೆ ಅದೇ ತುದಿ ಮೆಟ್ಟಿಲನ್ನು ದಾಟಿ ಹೆಬ್ಬೆರಳಿನಗಲ ಮುಂದಕ್ಕೆ ಹೋಗಿ, ಮೆಟ್ಟಿಲಿನ ಮೇಲೆಯೇ ಹತ್ತಿ ನಿಂತಿತ್ತು. ರಬ್ಬರ್ ಪ್ಯಾಡ್ ಒಂದು ಕಡೆ ಹಿಚುಕಿ ನಾಲಗೆಯಂತೆ ಹೊರಚಾಚಿತ್ತು; ಉಕ್ಕಿಗೆ ಉಕ್ಕು ತಿಕ್ಕಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು, ಅದರ ಸುತ್ತ ಕೆಂಪು ತುಕ್ಕಿನ ಪುಡಿ ಗೆರೆ ಎಳೆದಂತೆ ಕೂತಿತ್ತು. ಸ್ಪ್ರಿಂಗ್‌ನ ನಡುಭಾಗ ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಕುಸಿದಿದೆ ಎಂದು ಹೇಳಿದ್ದ ಬಲಗಡೆ ಸ್ಪ್ರಿಂಗ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಹೊಳೆಯುವ ಲೋಹ, ತುಕ್ಕಿನ ಪುಡಿ, ಹಿಚುಕಿದ ಪ್ಯಾಡ್, ಬಾಗಿದ ನಡು, ಈ ನಾಲ್ಕರಲ್ಲಿ ಒಂದು ಕಂಡರೂ ಸ್ಪ್ರಿಂಗ್ ತಪ್ಪಾಗಿ ಕೂತಿದೆ ಎಂದೇ ತಿಳಿಯಬೇಕು. ಅಂಥ ಗಾಡಿಯನ್ನು ದೇವರಾಯನದುರ್ಗದ ಬೆಟ್ಟದ ತಿರುವುಗಳಲ್ಲಿ ಓಡಿಸಿ ನೋಡೋಣ ಎಂದು ಹೊರಡುವುದು ಅಪಾಯ.

ತಟ್ಟೆಯಲ್ಲಿ ತುದಿಗಳು ಸರಿಯಾಗಿ ಕೂತಿವೆ, ಪ್ಯಾಡ್‌ಗಳೂ ಇವೆ, ಆದರೂ ಎರಡೂ ಕಡೆ ಮೂತಿ ಎತ್ತರವಾಗಿದೆ ಎಂದಾದರೆ ಬುಷ್ ಬೋಲ್ಟುಗಳನ್ನು ಅನುಮಾನಿಸಬೇಕು. ರಬ್ಬರ್ ಬುಷ್‌ನ ಒಳಕೊಳವೆ ಬೋಲ್ಟ್ ಬಿಗಿದಾಗ ಚಾಸಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಆಡಿದಷ್ಟೂ ರಬ್ಬರ್ ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬಿಗಿ ಮಾಡಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಆರ್ಮನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ಮೂತಿ ಮೇಲೇಳುತ್ತದೆ, ಗಾಡಿ ಕಲ್ಲಿನಂತೆ ಗಡುಸಾಗುತ್ತದೆ, ಹೊಸ ಬುಷ್ ಬೇಗನೆ ಹರಿಯುತ್ತದೆ. ಇದರ ಪರಿಹಾರಕ್ಕೆ ಸ್ಪ್ರಿಂಗ್ ಬಿಚ್ಚುವ ಅಗತ್ಯವೇ ಇಲ್ಲ. ಗಾಡಿಯನ್ನು ತನ್ನ ಚಕ್ರಗಳ ಮೇಲೆ, ರ‍್ಯಾಂಪ್ ಅಥವಾ ಸರ್ವಿಸ್ ಗುಂಡಿಯ ಮೇಲೆ ನಿಲ್ಲಿಸಿ, ಬೋಲ್ಟುಗಳನ್ನು ಸಡಿಲಿಸಿ, ಅದುಮಿ ಕುಣಿಸಿ, ಮತ್ತೆ ಬಿಗಿದರೆ ಸಾಕು. ಹೊಸ ಬುಷ್ ಹಾಕಿದ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದು ಇಲ್ಲಿಗೇ.

ಮತ್ತೆ ಬಿಚ್ಚಲೇಬೇಕಾದಾಗ: ಎರಡು ಆರ್ಮಿನ ಗಾಡಿಗಳು

ಸ್ಪ್ರಿಂಗ್ ತಪ್ಪಾಗಿ ಕೂತಿದೆ ಎಂದು ಖಚಿತವಾದ ಮೇಲೆ ಮಾತ್ರ ಈ ಕೆಲಸಕ್ಕೆ ಇಳಿಯಬೇಕು. ಆಯಾ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿ ಯಾವ ಜಾಯಿಂಟ್ ಬಿಚ್ಚಬೇಕು, ಯಾವ ಬೋಲ್ಟಿಗೆ ಎಷ್ಟು ಟಾರ್ಕ್ (ಬಿಗಿಯುವ ಬಲ) ಎಂದು ಹೇಳಿದೆಯೋ ಅದೇ ಅಂತಿಮ. ಇಲ್ಲಿ ಹೇಳುವುದು ಎಲ್ಲ ಗಾಡಿಗಳಿಗೂ ಸಲ್ಲುವ ಎಚ್ಚರಿಕೆಗಳನ್ನು.

ಕಾಂಕ್ರೀಟ್ ನೆಲವೇ ಬೇಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಮರದ ತುಂಡು ಕೊಟ್ಟು, ಚಾಸಿಯ ಗಟ್ಟಿ ಜಾಗಕ್ಕೆ ಜಾಕ್ ಸ್ಟ್ಯಾಂಡ್‌ಗಳನ್ನು ನಿಲ್ಲಿಸಬೇಕು. ನಮ್ಮಲ್ಲಿ ಸೈಜುಗಲ್ಲು ಎಲ್ಲೆಡೆ ಸಿಗುತ್ತದೆ, ಹಾಲೋ ಬ್ಲಾಕ್ ಇನ್ನೂ ಸುಲಭವಾಗಿ ಸಿಗುತ್ತದೆ. ಎರಡೂ ಈ ಕೆಲಸಕ್ಕೆ ಬರುವುದಿಲ್ಲ. ಹಾಲೋ ಬ್ಲಾಕ್ ಒಂದು ಬಿಂದುವಿನ ಮೇಲೆ ಬಿದ್ದ ಭಾರಕ್ಕೆ ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತದೆ. ಸೈಜುಗಲ್ಲಿನ ಮೇಲೆ ಚಾಸಿಯ ಕಬ್ಬಿಣ ಜಾರುತ್ತದೆ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಗಾಡಿಯನ್ನು ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಿಯೇ ಮುಂದುವರಿಯಬೇಕು.

ಬಿಚ್ಚುವ ಮೊದಲು ಗುರುತು ಹಾಕಬೇಕು. ಸ್ಪ್ರಿಂಗ್‌ನ ಮೇಲಿನಿಂದ ಕೆಳಗಿನವರೆಗೆ ಪೇಂಟಿನಿಂದ ಒಂದು ನೇರ ಗೆರೆ, ಅದರ ಎದುರಿಗೆ ತಟ್ಟೆಯ ಮೇಲೊಂದು ಗೆರೆ, ಜೊತೆಗೆ ‘ಎಡ’, ‘ಬಲ’, ‘ಮೇಲೆ’ ಎಂಬ ಬರಹ. ಮೇಲಿನ ಆರ್ಮ್‌ನ ಬೋಲ್ಟುಗಳ ಹಿಂದೆ ಶಿಮ್ ಪಟ್ಟಿಗಳಿದ್ದರೆ (ಚಕ್ರದ ಕೋನ ಹೊಂದಿಸುವ ತೆಳು ತಗಡುಗಳು) ಯಾವ ಬೋಲ್ಟಿಗೆ ಎಷ್ಟಿದ್ದವು ಎಂದು ಬರೆದುಕೊಳ್ಳಬೇಕು. ಈ ಶಿಮ್‌ಗಳು ಅದಲುಬದಲಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಆಗ ಎಲ್ಲರೂ ಸ್ಪ್ರಿಂಗ್ ಅನ್ನು ಬೈಯುತ್ತಾರೆ. ಬ್ರೇಕ್ ಕ್ಯಾಲಿಪರ್ ಬಿಚ್ಚುವ ಗಾಡಿಯಾದರೆ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಬೇಕು, ಹೋಸ್ ಪೈಪಿನಲ್ಲಿ ಜೋತುಬಿಡಬಾರದು.

ಸ್ಪ್ರಿಂಗ್‌ನ ಒಂದು ಸುತ್ತಿನೊಳಗಿಂದ ಗಟ್ಟಿ ಕಬ್ಬಿಣದ ಸರಪಳಿ ತೂರಿಸಿ ಕ್ರಾಸ್ ಮೆಂಬರ್‌ಗೆ ಸುತ್ತಿ ಬೋಲ್ಟ್ ಹಾಕಿ ಬಂಧಿಸಬೇಕು. ಆರ್ಮ್ ಇಳಿಯಲು ಬೇಕಾದಷ್ಟು ಸಡಿಲ ಇರಲಿ, ಸ್ಪ್ರಿಂಗ್ ಹೊರಗೆ ನೆಗೆಯುವಷ್ಟು ಬೇಡ. ನೈಲಾನ್ ಹಗ್ಗ ಸರಪಳಿಗೆ ಬದಲಿಯಲ್ಲ. ಕೆಲವು ಗಾಡಿಗಳಲ್ಲಿ ಆರ್ಮ್ ಅತಿಯಾಗಿ ಕೆಳಗಿಳಿಯದಂತೆ ತಡೆಯುವುದು ಶಾಕ್ ಅಬ್ಸಾರ್ಬರ್ ಆದ್ದರಿಂದ, ಅದನ್ನು ಬಿಚ್ಚುವ ಮೊದಲೇ ಜಾಕ್ ಆರ್ಮ್‌ನ ಕೆಳಗೆ ಭಾರ ಹೊತ್ತು ನಿಂತಿರಬೇಕು.

ಇಲ್ಲಿ ಟ್ರಾಲಿ ಜಾಕ್‌ನ ದಿಕ್ಕು ಬಹಳ ಮುಖ್ಯ. ಆರ್ಮ್‌ನ ಹೊರತುದಿ ನೇರವಾಗಿ ಇಳಿಯುವುದಿಲ್ಲ, ಕಮಾನಿನಂತೆ ಒಳಕ್ಕೆ ಬಾಗುತ್ತ ಇಳಿಯುತ್ತದೆ. ಜಾಕ್ ಅದರ ಜೊತೆಗೆ ಉರುಳಲೇಬೇಕು. ಆದ್ದರಿಂದ ಜಾಕ್ ಅನ್ನು ಆರ್ಮ್‌ನ ಉದ್ದಕ್ಕೆ ಸಮನಾಗಿ ಇಟ್ಟು, ಅದರ ಗಾಲಿಗಳ ಮುಂದೆ ಕಸ, ನಟ್ಟು, ಬಟ್ಟೆ ಇರದಂತೆ ಗುಡಿಸಿರಬೇಕು. ಮಣ್ಣಿನ ನೆಲದಲ್ಲಿ ಗಾಲಿ ಹೂತು ಜಾಕ್ ನಿಂತಲ್ಲೇ ನಿಲ್ಲುತ್ತದೆ, ಆರ್ಮ್ ಜಾರಿಹೋಗುತ್ತದೆ. ಹಳ್ಳಿಯ ಮನೆಯಂಗಳದಲ್ಲಿ ಈ ಕೆಲಸ ಮಾಡಬಾರದು ಎನ್ನುವುದು ಇದೇ ಕಾರಣಕ್ಕೆ. ಬಾಲ್ ಜಾಯಿಂಟ್ ಇರುವ ಗಾಡಿಯಲ್ಲಿ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಎಳೆಗಳ ಮೇಲೆ ಉಳಿಸಿ, ಜಾಯಿಂಟ್ ಬಿಟ್ಟುಕೊಂಡ ಮೇಲೆ, ಜಾಕ್ ಭಾರ ಹಿಡಿದಿದೆ ಎಂದು ಮತ್ತೊಮ್ಮೆ ನೋಡಿ, ಆಮೇಲೆ ನಟ್ಟು ತೆಗೆಯಬೇಕು. ಜಾಕ್‌ನ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ಇಳಿಸಬೇಕು. ಇಳಿಸುವವರು ಗಾಡಿಯ ಮುಂದೆ ಅಥವಾ ಹಿಂದೆ ಓರೆಯಾಗಿ ಇರಬೇಕು, ಚಕ್ರದ ಎದುರಿಗೆ ಕುಕ್ಕರಗಾಲಲ್ಲಿ ಕೂರಬಾರದು.

ಹೊರಬಂದ ಎರಡು ಸ್ಪ್ರಿಂಗ್‌ಗಳನ್ನು ಸಮತಟ್ಟಾದ ಕಲ್ಲಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಮೇಲೊಂದು ನೇರ ಪಟ್ಟಿ ಇಟ್ಟು ಉದ್ದ ಹೋಲಿಸಬೇಕು. ತಂತಿಯ ದಪ್ಪ, ಸುತ್ತುಗಳ ಸಂಖ್ಯೆ, ಪೇಂಟಿನ ಬಣ್ಣದ ಗುರುತುಗಳನ್ನೂ ನೋಡಬೇಕು. ಕೆಲವು ತಯಾರಕರು ಎಡ ಬಲಕ್ಕೆ ಬೇರೆ ಬೇರೆ ಸ್ಪ್ರಿಂಗ್ ಕೊಟ್ಟಿರುತ್ತಾರೆ, ಆದ್ದರಿಂದ ಉದ್ದದ ವ್ಯತ್ಯಾಸ ಕಂಡ ಕೂಡಲೇ ಎಸೆಯದೆ ಕೈಪಿಡಿ ನೋಡಬೇಕು. ಕೆಳಗಿನ ಕೊನೆಯ ಸುತ್ತಿನಲ್ಲಿ ಕೆಸರು ನಿಂತು ತುಕ್ಕು ಗುಳಿ ಬಿದ್ದಿದ್ದರೆ, ಅಥವಾ ಕೂದಲೆಳೆಯ ಬಿರುಕು ಕಂಡರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಉದ್ದ ಸರಿಮಾಡಲೆಂದು ಗ್ಯಾಸಿನಲ್ಲಿ ಕಾಯಿಸುವುದು, ಒಂದು ಸುತ್ತು ಕತ್ತರಿಸುವುದು ಸಲ್ಲದು. ಕಾಯಿಸಿದ ಸ್ಪ್ರಿಂಗ್‌ನ ಹದ ಹೋಗುತ್ತದೆ, ಕತ್ತರಿಸಿದ ತುದಿ ತಟ್ಟೆಯ ಮೆಟ್ಟಿಲಿಗೆ ಕೂರುವುದಿಲ್ಲ.

ಮತ್ತೆ ಕೂರಿಸುವಾಗ ಮೊದಲು ಮೇಲಿನ ಪ್ಯಾಡ್ ಅನ್ನು ಟೇಪಿನಿಂದ ಸ್ಪ್ರಿಂಗ್‌ಗೆ ಹಿಡಿಸಿ, ಗೆರೆಗೆ ಗೆರೆ ಸೇರಿಸಿ, ತುದಿಯನ್ನು ಮೆಟ್ಟಿಲಿಗೆ ತಾಗಿಸಿ, ಸರಪಳಿ ಕಟ್ಟಿ, ಆಮೇಲೆ ಜಾಕ್ ಎತ್ತಬೇಕು. ಎತ್ತುವಾಗ ಸ್ಪ್ರಿಂಗ್ ಸ್ವಲ್ಪ ತಿರುಗುತ್ತದೆ. ಭಾರ ಬೀಳಲು ಶುರುವಾದ ಕೂಡಲೇ ನಿಲ್ಲಿಸಿ, ದೂರದಿಂದ ಟಾರ್ಚ್ ಬಿಟ್ಟು ತುದಿಯನ್ನು ನೋಡಬೇಕು. ಸರಿದಿದ್ದರೆ ಇಳಿಸಿ ಸರಿಮಾಡಬೇಕು. ಭಾರದಲ್ಲಿರುವಾಗ ರಾಡು ಹಾಕಿ ಮೀಟುವುದು, ಸುತ್ತಿಗೆಯಿಂದ ಹೊಡೆಯುವುದು ಖಂಡಿತ ಕೂಡದು.

ಜಾಕ್ ಎತ್ತಿದಂತೆ ಆರ್ಮ್ ಮೇಲೇರುವ ಬದಲು ಗಾಡಿಯೇ ಸ್ಟ್ಯಾಂಡ್‌ನಿಂದ ಮೇಲೇಳತೊಡಗಿದರೆ ಅಲ್ಲಿಗೇ ನಿಲ್ಲಿಸಬೇಕು. ಸ್ಪ್ರಿಂಗ್ ಅನ್ನು ಒತ್ತುವುದು ಗಾಡಿಯ ಸ್ವಂತ ತೂಕ. ಇಂಜಿನ್ ಇಳಿಸಿದ ಗಾಡಿಯಲ್ಲಿ ಆ ತೂಕ ಸಾಲುವುದಿಲ್ಲ. ಬಾನೆಟ್ ಮೇಲೆ ಇಬ್ಬರನ್ನು ಕೂರಿಸಿ ತೂಕ ಹೆಚ್ಚಿಸುವ ಪದ್ಧತಿಯನ್ನು ಕಂಡಿದ್ದೇನೆ. ಜಾಕ್ ಜಾರಿದರೆ ಕೆಳಗಿರುವವರ ಜೊತೆಗೆ ಮೇಲಿರುವವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಅಂಥ ಗಾಡಿಗೆ ಸ್ಪ್ರಿಂಗ್‌ನ ಒಳಗೆ ಕೂರುವ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ) ತರಿಸಿಯೇ ಕೆಲಸ ಮಾಡಬೇಕು, ಇಲ್ಲವೇ ಇಂಜಿನ್ ಕೂರಿಸುವವರೆಗೆ ಕಾಯಬೇಕು.

ಸ್ಟ್ರಟ್ ಗಾಡಿಗಳಲ್ಲಿ

ಸ್ಟ್ರಟ್ ಗಾಡಿಯಲ್ಲಿ ಬಾನೆಟ್ ತೆರೆದರೆ ಕಾಣುವ ನಡುವಿನ ದೊಡ್ಡ ನಟ್ಟನ್ನು, ಸ್ಪ್ರಿಂಗ್ ಒತ್ತಿ ಹಿಡಿಯದೆ ಎಂದೂ ಸಡಿಲಿಸಬಾರದು. ಇಡೀ ಸ್ಪ್ರಿಂಗ್ ಅನ್ನು ಹಿಡಿದಿರುವುದು ಅದೊಂದೇ. ಸ್ಟ್ರಟ್ ಅನ್ನು ಪೂರ್ತಿಯಾಗಿ ಹೊರತೆಗೆದು, ವೈಸ್‌ಗೆ ಕಚ್ಚಿಸಿ, ಎದುರುಬದುರಾಗಿ ಎರಡು ಕಂಪ್ರೆಸರ್ ಹಾಕಿ, ಒಂದಕ್ಕೆ ಎರಡು ಸುತ್ತು ಇನ್ನೊಂದಕ್ಕೆ ಎರಡು ಸುತ್ತು ಎಂಬಂತೆ ಸಮವಾಗಿ ಬಿಗಿಯಬೇಕು. ಎಳೆಗಳಿಗೆ ಎಣ್ಣೆ ಹಾಕಿರಬೇಕು. ಗಾಳಿ ಗನ್ ಉಪಯೋಗಿಸಬಾರದು, ಅದು ಎಳೆಯನ್ನು ಸುಟ್ಟು ಕಂಪ್ರೆಸರ್ ಅನ್ನು ಮುರಿಯುತ್ತದೆ. ಕೊಕ್ಕೆಗಳಲ್ಲಿ ಬಿರುಕಿದ್ದರೆ, ಬಾಗಿದ್ದರೆ ಅದನ್ನು ಗುಜರಿಗೆ ಹಾಕುವುದೇ ಸರಿ. ಸ್ಪ್ರಿಂಗ್ ಮೇಲಿನ ತಟ್ಟೆಯಿಂದ ಬಿಡುವಷ್ಟು ಒತ್ತಿದರೆ ಸಾಕು, ಸುತ್ತುಗಳು ಒಂದಕ್ಕೊಂದು ತಾಗುವವರೆಗೆ ಹೋಗಬಾರದು. ಒತ್ತಿದ ಸ್ಪ್ರಿಂಗ್‌ನ ಎರಡು ತುದಿಗಳ ನೇರಕ್ಕೆ ಯಾರೂ ನಿಲ್ಲಬಾರದು, ಅದನ್ನು ಹಾಗೇ ಮೂಲೆಗಿಟ್ಟು ಊಟಕ್ಕೂ ಹೋಗಬಾರದು. ಚಕ್ರದ ಗೆಣ್ಣಿಗೆ ಸ್ಟ್ರಟ್ ಸೇರುವ ಎರಡು ಬೋಲ್ಟುಗಳ ಮೂಲ ಜಾಗವನ್ನು ಗೀಚಿ ಗುರುತು ಮಾಡಿದ್ದರೆ ಜೋಡಿಸಿದ ಮೇಲೆ ಚಕ್ರದ ಓರೆ ಬದಲಾಗುವುದಿಲ್ಲ.

ಇಳಿಸಿದ ಮೇಲೆ

ರಬ್ಬರ್ ಬುಷ್ ಬೋಲ್ಟುಗಳನ್ನು ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆಯೇ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು ಎಂದು ಈಗ ಮತ್ತೆ ವಿವರಿಸಬೇಕಿಲ್ಲ. ಸ್ಪ್ಲಿಟ್ ಪಿನ್‌ಗಳು ಹೊಸವೇ ಆಗಬೇಕು. ಸ್ಟೇರಿಂಗ್ ಅನ್ನು ಎರಡೂ ತುದಿಗೆ ತಿರುಗಿಸಿ ಬ್ರೇಕ್ ಹೋಸ್ ತಿರುಚಿಕೊಂಡಿಲ್ಲ, ಟೈರಿಗೆ ತಾಗುತ್ತಿಲ್ಲ ಎಂದು ನೋಡಬೇಕು. ಹೊರಡುವ ಮೊದಲು ಬ್ರೇಕ್ ಪೆಡಲ್ ಅನ್ನು ಹಲವು ಸಲ ಒತ್ತಿ ಗಟ್ಟಿಯಾಗಿದೆಯೇ ಪರೀಕ್ಷಿಸುವುದು ಕಡ್ಡಾಯ.

ಮೊದಲ ಓಟ ಹೆದ್ದಾರಿಯಲ್ಲಿ ಬೇಡ. ಬಡಾವಣೆಯ ಖಾಲಿ ರಸ್ತೆಯಲ್ಲಿ, ನಡಿಗೆಗಿಂತ ತುಸು ವೇಗದಲ್ಲಿ, ಹಂಪ್ ಒಂದನ್ನು ಓರೆಯಾಗಿ ದಾಟಿಸಿ ಸದ್ದು ಕೇಳಬೇಕು, ಆಮೇಲೆ ಬಿ.ಎಚ್. ರಸ್ತೆಯಂಥ ಊರಿನ ದೊಡ್ಡ ರಸ್ತೆಗೆ ಇಳಿಯಬಹುದು. ಎಳೆತ ಉಳಿದಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು, ಆದರೆ ಎತ್ತರ ಸರಿಹೋಗುವ ಮೊದಲು ಮಾಡಿಸಿದ ಅಲೈನ್‌ಮೆಂಟ್ ವ್ಯರ್ಥ, ಏಕೆಂದರೆ ಎತ್ತರ ಬದಲಾದಂತೆ ಚಕ್ರದ ಕೋನಗಳೂ ಬದಲಾಗುತ್ತವೆ. 200 ಕಿ.ಮೀ. ಓಡಿದ ಮೇಲೆ ಅದೇ ಮಟ್ಟದ ನೆಲದಲ್ಲಿ ಅದೇ ಬೋಲ್ಟಿನಿಂದ ಮತ್ತೆ ಅಳೆದು, ನಟ್ಟುಗಳ ಬಿಗಿಯನ್ನೂ ನೋಡಬೇಕು. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಸ್ವಲ್ಪ ಇಳಿದಿದ್ದರೆ ಪ್ಯಾಡ್‌ಗಳು ಕೂತಿವೆ ಎಂದರ್ಥ. ಒಂದೇ ಕಡೆ ಇಳಿಯುತ್ತ ಹೋದರೆ, ತಟ್ಟೆ, ಪ್ಯಾಡ್, ಬುಷ್ ಎಲ್ಲವೂ ಸರಿಯಿದ್ದರೆ, ಮತ್ತು ಸ್ಪ್ರಿಂಗ್‌ಗಳು ಎರಡೂ ಬದಿಗೆ ಒಂದೇ ಬಗೆಯವಾಗಿದ್ದರೆ, ಕೊನೆಯ ಪರೀಕ್ಷೆಯಾಗಿ ಎಡ ಬಲ ಅದಲುಬದಲು ಮಾಡಬಹುದು. ವಾಲಿಕೆ ಸ್ಪ್ರಿಂಗ್‌ನ ಜೊತೆಗೆ ಆ ಬದಿಗೆ ಹೋದರೆ ಸ್ಪ್ರಿಂಗ್ ನಿಜವಾಗಿಯೂ ದಣಿದಿದೆ, ಜೋಡಿಯಾಗಿ ಬದಲಿಸಬೇಕು. ವಾಲಿಕೆ ಇದ್ದ ಬದಿಯಲ್ಲೇ ಉಳಿದರೆ ಕ್ರಾಸ್ ಮೆಂಬರ್ ಅಥವಾ ಚಾಸಿ ಬಾಗಿದೆ, ಅದನ್ನು ಚಾಸಿ ಅಳೆಯುವ ಅನುಕೂಲವಿರುವ ಕಡೆಗೆ ಒಯ್ಯಬೇಕು.